ಕ್ಯಾಲ್ಕುಲೇಟರ್ ಬದಿಗಿಡಿ, ಬಣ್ಣದ ಪೆನ್ಸಿಲ್ ತನ್ನಿ

ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಎಲೆಕ್ಟ್ರಾನಿಕ್ಸ್‌ಗೆ ಸೇರುವ ಕಾಸರಗೋಡಿನ ಮಕ್ಕಳಿಗೆ ಒಂದೇ ವಸ್ತುವಿಗೆ ಮೂರು ಹೆಸರು. ಶಾಲೆಯಲ್ಲಿ ಕಲಿತದ್ದು ‘ರೋಧ’. ಈಗಿನ ಪುಸ್ತಕದಲ್ಲಿ ‘ರೆಸಿಸ್ಟೆನ್ಸ್’. ಪಕ್ಕದ ಬೆಂಚಿನ ಗೆಳೆಯ ಮಲಯಾಳದಲ್ಲಿ ಹೇಳುವುದು ‘ಪ್ರತಿರೋಧಂ’. ಇದಕ್ಕೆ ಹೆದರಬೇಡಿ, ಒಂದು ತಿಂಗಳಲ್ಲಿ ಅಭ್ಯಾಸವಾಗುತ್ತದೆ. ರೆಸಿಸ್ಟರ್, ಅಂದರೆ ಕರೆಂಟಿಗೆ ತಡೆಯೊಡ್ಡುವ ಬಿಡಿಭಾಗದ ಲೆಕ್ಕದಲ್ಲಿ ಮಾರ್ಕು ಹೋಗುವ ಜಾಗ ಬೇರೆಯೇ ಇದೆ. ಹೆಚ್ಚಿನವರು ಸರ್ಕ್ಯೂಟ್‌ನ ಚಿತ್ರವನ್ನು ಸರಿಯಾಗಿ ನೋಡುವ ಮೊದಲೇ ಕ್ಯಾಲ್ಕುಲೇಟರ್ ಒತ್ತಲು ಶುರುಮಾಡುತ್ತಾರೆ.

ಮೊದಲ ಕೆಲಸ ನೋಡ್‌ಗಳನ್ನು ಗುರುತಿಸುವುದು. ನೋಡ್ ಅಂದರೆ ನೋಡುವುದಲ್ಲ, ಆದರೆ ಮೊದಲು ನೋಡಬೇಕಾದದ್ದು ಅದನ್ನೇ! ಬ್ಯಾಟರಿಯ ಪ್ಲಸ್ ತುದಿಯಿಂದ ತಂತಿಯ ಮೇಲೆ ಕೆಂಪು ಪೆನ್ಸಿಲ್ ಎಳೆಯುತ್ತಾ ಹೋಗಿ. ರೆಸಿಸ್ಟರ್ ಸಿಕ್ಕಿದಲ್ಲಿ ನಿಲ್ಲಿಸಿ. ತಂತಿ ಕವಲೊಡೆದರೆ ಕವಲಿಗೂ ಅದೇ ಬಣ್ಣ. ರೆಸಿಸ್ಟರ್‌ನ ಆಚೆ ಬದಿಗೆ ಬೇರೆ ಬಣ್ಣ. ಹೀಗೆ ಇಡೀ ಚಿತ್ರ ಮುಗಿಸಿ. ಒಂದು ಬಣ್ಣ ಅಂದರೆ ಒಂದು ನೋಡ್, ಅದರ ಉದ್ದಕ್ಕೂ ಒಂದೇ ವೋಲ್ಟೇಜ್.

ಈಗ ಮೋಸ ಬಯಲಾಗುತ್ತದೆ. ಎರಡು ರೆಸಿಸ್ಟರ್‌ಗಳ ಎರಡೂ ತುದಿಗಳ ಬಣ್ಣ ಹೊಂದಿದರೆ ಅವು ಸಮಾಂತರ. ಒಂದನ್ನು ಅಡ್ಡ, ಇನ್ನೊಂದನ್ನು ಓರೆಯಾಗಿ ಬರೆದಿದ್ದರೂ ಅಷ್ಟೇ. ಒಂದೇ ರೆಸಿಸ್ಟರ್‌ನ ಎರಡೂ ತುದಿಗೆ ಒಂದೇ ಬಣ್ಣ ಬಂದರೆ ಅದನ್ನು ಸುಮ್ನೆ ಅಳಿಸಿ ಬಿಡಿ, ಅದರಲ್ಲಿ ಕರೆಂಟ್ ಹರಿಯುವುದೇ ಇಲ್ಲ. ಪ್ರಶ್ನೆಪತ್ರಿಕೆ ಮಾಡುವವರಿಗೆ ಈ ಎರಡು ಗುಟ್ಟುಗಳ ಮೇಲೆ ತುಂಬ ಪ್ರೀತಿ.

ಒಂದು ಲೆಕ್ಕ ಮಾಡೋಣ. ಬ್ಯಾಟರಿ 12 ವೋಲ್ಟ್. ಪ್ಲಸ್‌ನಿಂದ 1 ಕಿಲೋ ಓಮ್ ರೆಸಿಸ್ಟರ್ ದಾಟಿ ‘ಅ’ ಎಂಬ ನೋಡ್. ‘ಅ’ದಿಂದ ‘ಬ’ಕ್ಕೆ ಎರಡು ದಾರಿ: ಒಂದರಲ್ಲಿ 6 ಕಿಲೋ ಓಮ್, ಇನ್ನೊಂದರಲ್ಲಿ 3. ‘ಬ’ದಿಂದ ಮೈನಸ್‌ಗೆ ಮತ್ತೊಂದು 1 ಕಿಲೋ ಓಮ್.

ಬ್ಯಾಟರಿಗೆ ದೂರದಲ್ಲಿರುವ ಗಂಟನ್ನು ಮೊದಲು ಬಿಡಿಸಿ. ಸಮಾಂತರದಲ್ಲಿರುವ ಎರಡಕ್ಕೆ ಗುಣಾಕಾರವನ್ನು ಕೂಡಿಕೆಯಿಂದ ಭಾಗಿಸಬೇಕು: 18 ಭಾಗಿಸು 9, ಅಂದರೆ 2 ಕಿಲೋ ಓಮ್. ಉತ್ತರ ಎರಡರಲ್ಲಿ ಚಿಕ್ಕದಾದ 3ಕ್ಕಿಂತಲೂ ಕಡಿಮೆ ಬಂತು, ಅಲ್ವಾ? ಬರಲೇಬೇಕು. ಕಂಗಿನ ತೋಟಕ್ಕೆ ಗುಡ್ಡದ ಮೇಲಿನ ಟ್ಯಾಂಕಿಯಿಂದ ನೀರು ಬಿಡುವುದನ್ನು ನೆನಪಿಸಿಕೊಳ್ಳಿ. ಒಂದು ವಾಲ್ವ್ ತೆರೆದಿದ್ದಾಗ ಇನ್ನೊಂದು ಸಣ್ಣ ಪೈಪಿನ ವಾಲ್ವನ್ನೂ ತೆರೆದರೆ ಟ್ಯಾಂಕಿಯಿಂದ ಹೊರಡುವ ನೀರು ಜಾಸ್ತಿಯೇ ಆಗುತ್ತದೆ. ದಾರಿ ಹೆಚ್ಚಿದರೆ ಒಟ್ಟು ತಡೆ ಕಡಿಮೆ. ಸಮಾಂತರದ ಉತ್ತರ ದೊಡ್ಡದಾಗಿ ಬಂದರೆ ಮುಂದೆ ಹೋಗಬೇಡಿ, ಅಲ್ಲೇ ತಪ್ಪಿದೆ.

ಉಳಿದದ್ದು ಸರಣಿ, ಅಂದರೆ ಒಂದರ ಹಿಂದೊಂದು, ಕೂಡಿಸಿದರೆ ಆಯಿತು: 1, 2, 1, ಒಟ್ಟು 4 ಕಿಲೋ ಓಮ್. ವಿಜ್ಞಾನಿ ಓಮ್ 1827ರಲ್ಲಿ ಪ್ರಕಟಿಸಿದ ನಿಯಮದಂತೆ ವೋಲ್ಟೇಜನ್ನು ರೋಧದಿಂದ ಭಾಗಿಸಿದರೆ ಕರೆಂಟ್: 12 ಭಾಗಿಸು 4, ಅಂದರೆ 3 ಮಿಲಿಆಂಪಿಯರ್. ವೋಲ್ಟನ್ನು ಕಿಲೋ ಓಮ್‌ನಿಂದ ಭಾಗಿಸಿದರೆ ನೇರವಾಗಿ ಮಿಲಿಆಂಪಿಯರ್ ಸಿಗುತ್ತದೆ. ಸೊನ್ನೆಗಳ ಮೆರವಣಿಗೆ ಬೇಡ.

ಈಗ ಬಂದ ದಾರಿಯಲ್ಲೇ ವಾಪಸು. ಮಿಲಿಆಂಪಿಯರನ್ನು ಕಿಲೋ ಓಮ್‌ನಿಂದ ಗುಣಿಸಿದರೆ ವೋಲ್ಟ್. ಮೊದಲ ರೆಸಿಸ್ಟರ್‌ನಲ್ಲಿ 3 ವೋಲ್ಟ್, ನಡುವಿನ ಜೋಡಿಯಲ್ಲಿ 6, ಕೊನೆಯದರಲ್ಲಿ 3. ಕೂಡಿದರೆ 12. ಜೋಡಿಯಲ್ಲಿ 6 ಕಿಲೋ ಓಮ್‌ಗೆ 1 ಮಿಲಿಆಂಪಿಯರ್, 3 ಕಿಲೋ ಓಮ್‌ಗೆ 2. ಕೂಡಿದರೆ 3. ಎರಡೂ ತಾಳೆಯಾದವು. ಈ ತಾಳೆಗೆ ಆಧಾರ ವಿಜ್ಞಾನಿ ಕಿರ್ಚಾಫ್‌ನ ನಿಯಮಗಳು: ಒಂದು ಸುತ್ತಿನ ವೋಲ್ಟೇಜ್‌ಗಳನ್ನು ಕೂಡಿದರೆ ಬ್ಯಾಟರಿಯದಕ್ಕೆ ಸಮ, ನೋಡ್‌ಗೆ ಬಂದಷ್ಟೇ ಕರೆಂಟ್ ಹೊರಗೆ. 1845ರಲ್ಲಿ ಅವುಗಳನ್ನು ಕೊಟ್ಟಾಗ ಆತನೂ ನಿಮ್ಮಂತೆ ವಿದ್ಯಾರ್ಥಿ, ವಯಸ್ಸು 21.

ಕೆಲವು ಸರ್ಕ್ಯೂಟ್‌ಗಳಲ್ಲಿ ಸರಣಿಯೂ ಸಿಗುವುದಿಲ್ಲ, ಸಮಾಂತರವೂ ಸಿಗುವುದಿಲ್ಲ. ಎರಡು ಬ್ಯಾಟರಿ ಇದ್ದಾಗ ಹೀಗಾಗುವುದು ಮಾಮೂಲು. ಉದಾಹರಣೆಗೆ ‘ಕ’ ಎಂಬ ನೋಡ್‌ಗೆ 12 ವೋಲ್ಟ್‌ನಿಂದ 2 ಕಿಲೋ ಓಮ್, 6 ವೋಲ್ಟ್‌ನಿಂದ 3 ಕಿಲೋ ಓಮ್, ನೆಲಕ್ಕೆ ಅಂದರೆ ಗ್ರೌಂಡ್‌ಗೆ 6 ಕಿಲೋ ಓಮ್. ಎರಡು ಬ್ಯಾಟರಿಗಳ ಮೈನಸ್ ಕೂಡ ಗ್ರೌಂಡ್‌ಗೇ. ‘ಕ’ದ ವೋಲ್ಟೇಜನ್ನೂ ‘ಕ’ ಎಂದೇ ಇಟ್ಟುಕೊಳ್ಳಿ. ಒಳಬರುವ ಕರೆಂಟ್ ಹೊರಹೋಗುವುದಕ್ಕೆ ಸಮ:

(12 − ಕ)/2 + (6 − ಕ)/3 = ಕ/6

ಎಲ್ಲವನ್ನೂ 6ರಿಂದ ಗುಣಿಸಿದರೆ 48 = 6ಕ, ಅಂದರೆ ‘ಕ’ 8 ವೋಲ್ಟ್. ಆಗ 6 ವೋಲ್ಟ್ ಬ್ಯಾಟರಿಯ ಕವಲಿನ ಕರೆಂಟ್ ಮೈನಸ್ 0.67 ಮಿಲಿಆಂಪಿಯರ್ ಬರುತ್ತದೆ. ಇಲ್ಲಿ ಮಕ್ಕಳು ಗಾಬರಿಯಾಗಿ ಮೈನಸ್ ಹೊಡೆದು ಹಾಕುತ್ತಾರೆ. ಹಾಗೆ ಮಾಡಬೇಡಿ. ನಾವು ಅಂದಾಜು ಮಾಡಿದ ದಿಕ್ಕು ಉಲ್ಟಾ ಎಂದಷ್ಟೇ ಅದರ ಅರ್ಥ. 8 ವೋಲ್ಟ್ ಕಡೆಯಿಂದ 6 ವೋಲ್ಟ್ ಕಡೆಗೆ ಕರೆಂಟ್ ಹರಿಯುತ್ತಿದೆ, ಸರಿಯಾಗಿಯೇ ಇದೆ.

ಸಾಧ್ಯವಾದರೆ ಮೊದಲ ಲೆಕ್ಕವನ್ನು ಬ್ರೆಡ್‌ಬೋರ್ಡ್ ಮೇಲೆ, ಅಂದರೆ ಬೆಸುಗೆಯಿಲ್ಲದೆ ಭಾಗಗಳನ್ನು ಚುಚ್ಚಿ ಜೋಡಿಸುವ ಹಲಗೆಯ ಮೇಲೆ, ಜೋಡಿಸಿ ನೋಡಿ. ಅಂಗಡಿಯಲ್ಲಿ 6 ಕಿಲೋ ಓಮ್ ಕೇಳಿದರೆ ಸಿಗುವುದು ಕಷ್ಟ, ಸಾಮಾನ್ಯವಾಗಿ ಇರುವುದು 5.6 ಅಥವಾ 6.8. ಲೆಕ್ಕ ಬರೆದವರು ಅಂಗಡಿಗೆ ಹೋಗಿರುವುದಿಲ್ಲ! 12 ಕಿಲೋ ಓಮ್ ಸಿಗುತ್ತದೆ, ಆರು ತನ್ನಿ. ಎರಡನ್ನು ಸಮಾಂತರ ಜೋಡಿಸಿದರೆ 6, ಉಳಿದ ನಾಲ್ಕನ್ನೂ ಹಾಗೆಯೇ ಸಮಾಂತರ ಜೋಡಿಸಿದರೆ 3. 9 ವೋಲ್ಟ್‌ನ ಚೌಕ ಬ್ಯಾಟರಿ ಬಳಸಿದರೆ ನಡುವಿನ ಜೋಡಿಯಲ್ಲಿ ಮಲ್ಟಿಮೀಟರ್ (ವೋಲ್ಟ್, ಕರೆಂಟ್, ಓಮ್ ಅಳೆಯುವ ಮೀಟರ್) 4.5 ವೋಲ್ಟ್ ಆಸುಪಾಸು ತೋರಿಸಬೇಕು. ತುಸು ಆಚೀಚೆ ಆಗುವುದು ಸಹಜ, ರೆಸಿಸ್ಟರ್ ಮೇಲೆ ಚಿನ್ನದ ಬಣ್ಣದ ಪಟ್ಟಿ ಇದ್ದರೆ ಬೆಲೆಯಲ್ಲಿ 5 ಶೇಕಡಾ ವ್ಯತ್ಯಾಸಕ್ಕೆ ಅವಕಾಶವಿದೆ.

ಓಮ್ ಅಳೆಯುವಾಗ ಬ್ಯಾಟರಿ ಕಳಚಿರಬೇಕು. ಕರೆಂಟ್ ಅಳೆಯುವಾಗ ಒಂದು ಕಡೆ ತಂತಿ ಬಿಡಿಸಿ ಮಲ್ಟಿಮೀಟರನ್ನು ನಡುವೆ ಸೇರಿಸಬೇಕು. ಆಂಪಿಯರ್‌ಗೆ ತಿರುಗಿಸಿಟ್ಟ ಮೀಟರನ್ನು ನೇರ ಬ್ಯಾಟರಿಯ ಎರಡು ತುದಿಗೆ ಮುಟ್ಟಿಸಬೇಡಿ. ನಾನು ಒಮ್ಮೆ ಮುಟ್ಟಿಸಿದ್ದೆ. ಒಳಗಿನ ಫ್ಯೂಸ್ ಹೋಯಿತು. ಅದು ತಿಳಿಯದೆ ಮರುದಿನವೆಲ್ಲ ‘ಸರ್ಕ್ಯೂಟ್‌ನಲ್ಲಿ ಕರೆಂಟೇ ಬರುತ್ತಿಲ್ಲ’ ಎಂದು ತಂತಿ ಬದಲಿಸುತ್ತಾ ಕೂತಿದ್ದೆ.