ರೇಸ್ ಫೋಟೋಗೆ ಲೆನ್ಸ್ ಬೇಕಾ? ಮೊದಲು ನಿಲ್ಲುವ ಜಾಗ ನೋಡಿ

ರೇಸ್ ಫೋಟೋ ತೆಗೆಯಬೇಕು ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: 400 ಎಂಎಂ ಲೆನ್ಸ್ ಸಾಕಾ, 600 ಬೇಕಾ? ಈ ಸಂಖ್ಯೆಯೇ ಲೆನ್ಸಿನ ಫೋಕಲ್ ಲೆಂತ್, ಅದು ಹೆಚ್ಚಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ. ಅದಕ್ಕಿಂತ ಮೊದಲು, ಟ್ರ್ಯಾಕಿನಿಂದ ಎಷ್ಟು ದೂರದಲ್ಲಿ ನಿಲ್ಲುತ್ತೀರಿ ಅಂತ ನೋಡಿಕೊಳ್ಳಿ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಸರ್ಕ್ಯೂಟಿಗೆ ಹೊಂದುವ ಲೆನ್ಸೇ ಬೇರೆ, ಚಿಕ್ಕಮಗಳೂರಿನ ಕಾಫಿ ತೋಟದ ರ‍್ಯಾಲಿಗೆ ಹೊಂದುವುದೇ ಬೇರೆ.

ಸುಲಭದ ಲೆಕ್ಕ ಒಂದಿದೆ. ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಫಲಕವೇ ಸೆನ್ಸರ್, ಫುಲ್ ಫ್ರೇಮ್ ಸೆನ್ಸರಿನ ಅಗಲ 36 ಎಂಎಂ. ಅದನ್ನು ಲೆನ್ಸಿನ ಫೋಕಲ್ ಲೆಂತ್‌ನಿಂದ ಭಾಗಿಸಿ, ಕಾರು ಎಷ್ಟು ಮೀಟರ್ ದೂರದಲ್ಲಿದೆಯೋ ಅದರಿಂದ ಗುಣಿಸಿ. 50 ಮೀಟರ್ ದೂರಕ್ಕೆ 400 ಎಂಎಂ ಹಾಕಿದರೆ ಫ್ರೇಮಿನಲ್ಲಿ 4.5 ಮೀಟರ್ ಅಗಲ ಕಾಣುತ್ತದೆ. ಒಂದು ಕಾರಿನ ಉದ್ದ ಹೆಚ್ಚುಕಡಿಮೆ ಅಷ್ಟೇ, ಅಲ್ವಾ? ಫ್ರೇಮ್ ತುಂಬಿತು. 100 ಮೀಟರ್ ಆದರೆ ಕಾರು ಅರ್ಧ ಫ್ರೇಮಿಗೆ ಇಳಿಯುತ್ತದೆ. ಅದಕ್ಕಿಂತ ಚಿಕ್ಕದಾದ ಕ್ರಾಪ್ ಸೆನ್ಸರ್ ಇದ್ದವರಿಗೆ ಇಲ್ಲಿ ಲಾಭ: ನಿಕಾನ್, ಸೋನಿಯಲ್ಲಿ 1.5 ಪಟ್ಟು, ಕ್ಯಾನನ್‌ನಲ್ಲಿ 1.6 ಪಟ್ಟು ಹತ್ತಿರ ಕಾಣುತ್ತದೆ.

ನಾನು ಈ ಲೆಕ್ಕ ಹಾಕದೆ ಮೊದಲ ಸಲ ಕ್ರಾಪ್ ಕ್ಯಾಮೆರಾಗೆ 150-600 ಎಂಎಂ ಜೂಮ್ ಹಾಕಿಕೊಂಡು ಹೋಗಿದ್ದೆ. ಸಿಕ್ಕ ಜಾಗ ತಿರುವಿನಿಂದ 20 ಮೀಟರ್ ಕೂಡ ಇರಲಿಲ್ಲ. 150ಕ್ಕೆ ಇಳಿಸಿದರೂ ಪ್ರತಿ ಕಾರಿನ ಮೂತಿಯೋ ಹಿಂಭಾಗವೋ ಕತ್ತರಿಸಿ ಹೋಗುತ್ತಿತ್ತು. ಅವತ್ತಿನಿಂದ ನಾನು ಮೊದಲ ಲೆನ್ಸ್ ಕೇಳುವವರಿಗೆಲ್ಲ 100-400 ಜೂಮ್ ತಗೊಳ್ಳಿ ಅಂತಲೇ ಹೇಳುತ್ತೇನೆ. ಸಿಗ್ಮಾದ 100-400 ಸುಮಾರು 1.2 ಕೆಜಿ ಅಷ್ಟೇ, ಇಡೀ ದಿನ ಕೈಯಲ್ಲಿ ಹಿಡಿಯಬಹುದು. ಸೋನಿಯ 200-600, ನಿಕಾನ್‌ನ 180-600 ಒಳ್ಳೆಯ ಲೆನ್ಸ್‌ಗಳೇ, ಆದರೆ ಎರಡು ಕೆಜಿ ಹತ್ತಿರ. ಮೋನೋಪಾಡ್ (ಒಂಟಿ ಕಾಲಿನ ಸ್ಟ್ಯಾಂಡ್) ಇಲ್ಲದೆ ಮಧ್ಯಾಹ್ನದ ಹೊತ್ತಿಗೆ ಭುಜ ಸೋಲುತ್ತದೆ.

ಎಫ್/2.8 ಲೆನ್ಸಿಗೆ ಸುಮ್ನೆ ದುಡ್ಡು ಸುರಿಯಬೇಡಿ. ಎಫ್ ಪಕ್ಕದ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ಬೆಳಕು ಒಳಬಿಡುತ್ತದೆ. ಬಿಸಿಲಿನ ಟ್ರ್ಯಾಕಿನಲ್ಲಿ ಎಫ್/6.3 ಧಾರಾಳ ಸಾಕು. ರ‍್ಯಾಲಿಗೆ ಮಾತ್ರ ಮಾತೇ ಬೇರೆ. ಸಿಲ್ವರ್ ಓಕ್ ನೆರಳಲ್ಲಿ ಬೆಳಕು ಕಡಿಮೆ, ಕಾರು ಹತ್ತಿರದಲ್ಲೇ ಧೂಳೆಬ್ಬಿಸಿಕೊಂಡು ಬರುತ್ತದೆ, ಅಲ್ಲಿ 70-200 ಎಫ್/2.8 ಕೊಟ್ಟ ದುಡ್ಡಿಗೆ ಮೋಸ ಮಾಡುವುದಿಲ್ಲ. ಒಂದು ಮಾತು, ಸುರಕ್ಷತಾ ಸಿಬ್ಬಂದಿ ತೋರಿಸಿದ ಜಾಗ ಬಿಟ್ಟು ಒಂದು ಹೆಜ್ಜೆಯೂ ಮುಂದೆ ಹೋಗಬೇಡಿ, ತಿರುವಿನ ಹೊರಬದಿಯಲ್ಲಂತೂ ನಿಲ್ಲಲೇಬೇಡಿ.

ಇನ್ನು ನಾನು ಎಲ್ಲಕ್ಕಿಂತ ಜಾಸ್ತಿ ನೋಡುವುದು ಸ್ಟೆಬಿಲೈಸರ್, ಅಂದರೆ ಕೈ ಅಲುಗಿದರೂ ಫೋಟೋ ಮಸುಕಾಗದಂತೆ ತಡೆಯುವ ವ್ಯವಸ್ಥೆ. ಯಾಕೆ ಅಂದರೆ, ಶಟರ್ ಎಷ್ಟು ಹೊತ್ತು ತೆರೆದಿರುತ್ತದೆ ಅನ್ನುವುದು ಇಲ್ಲಿ ಮುಖ್ಯ. ಗಂಟೆಗೆ 150 ಕಿಮೀ ವೇಗದ ಕಾರು 1/1000 ಸೆಕೆಂಡಿನಲ್ಲಿ ಬರೀ 4 ಸೆಂಮೀ ಚಲಿಸುತ್ತದೆ. ಚಕ್ರ ತಿರುಗಿದ್ದೇ ಗೊತ್ತಾಗುವುದಿಲ್ಲ, ಫೋಟೋದಲ್ಲಿ ಕಾರು ಪಾರ್ಕ್ ಮಾಡಿದ ಹಾಗೆ ಕಾಣುತ್ತದೆ. ಶಟರ್ ವೇಗ 1/125ಕ್ಕೆ ಇಳಿಸಿ ಕಾರಿನ ಜೊತೆಗೇ ಕ್ಯಾಮೆರಾ ತಿರುಗಿಸಿದರೆ ಅದೇ ಕಾರು 33 ಸೆಂಮೀ ಹೋಗಿರುತ್ತದೆ. ಚಕ್ರ ಸುಮಾರು ಆರನೇ ಒಂದು ಸುತ್ತು ತಿರುಗಿರುತ್ತದೆ, ಅದರ ಕಡ್ಡಿಗಳೆಲ್ಲ ಕಲೆಸಿಹೋಗಿ, ಹಿಂದಿನ ಬೇಲಿ ಗೆರೆಗೆರೆಯಾಗಿ, ಬಾಗಿಲ ಮೇಲಿನ ನಂಬರ್ ಮಾತ್ರ ಸ್ಪಷ್ಟವಾಗಿ ನಿಲ್ಲುತ್ತದೆ. ಹೀಗೆ ಕ್ಯಾಮೆರಾ ತಿರುಗಿಸುವುದಕ್ಕೇ ಪ್ಯಾನಿಂಗ್ ಅನ್ನುವುದು, ಇದಕ್ಕೆ ಲೆನ್ಸಿನ ಸ್ಟೆಬಿಲೈಸರಿನಲ್ಲಿ ಪ್ಯಾನಿಂಗ್ ಮೋಡ್ ಬೇಕು. ಕ್ಯಾನನ್, ಸೋನಿ ಲೆನ್ಸ್‌ಗಳಲ್ಲಿ ಅದು ಮೋಡ್ 2. ಕೊಳ್ಳುವಾಗ ಆ ಸ್ವಿಚ್ ಇದೆಯಾ ಅಂತ ಕೈಯಾರೆ ನೋಡಿ.

ಲೆನ್ಸಿಗೂ ಕ್ಯಾಮೆರಾಗೂ ನಡುವೆ ಹಾಕಿ ಫೋಕಲ್ ಲೆಂತ್ ಹೆಚ್ಚಿಸುವ ಟೆಲಿಕನ್ವರ್ಟರ್ ಆಸೆ ಸದ್ಯಕ್ಕೆ ಬೇಡ. 1.4 ಪಟ್ಟಿನದು ಹಾಕಿದರೆ ಒಂದು ಸ್ಟಾಪ್, ಅಂದರೆ ಅರ್ಧದಷ್ಟು ಬೆಳಕು ಹೋಗುತ್ತದೆ, ಎಫ್/6.3 ಲೆನ್ಸ್ ಎಫ್/9 ಆಗುತ್ತದೆ, ಫೋಕಸ್ ನಿಧಾನವಾಗುತ್ತದೆ.

ಕೊಳ್ಳುವ ಮೊದಲು ಬಾಡಿಗೆಗೆ ತಂದು ಪ್ರಾಕ್ಟೀಸ್ ದಿನ ಹೋಗಿ, ಅವತ್ತು ಜನ ಕಡಿಮೆ, ಕಾರುಗಳು ಮತ್ತೆ ಮತ್ತೆ ಬರುತ್ತವೆ. ಮನೆಗೆ ಬಂದು ನಿಮಗೆ ಇಷ್ಟವಾದ ಫೋಟೋಗಳ ಫೋಕಲ್ ಲೆಂತ್ ಎಷ್ಟಿತ್ತು ಅಂತ ಒಂದೊಂದಾಗಿ ನೋಡಿ. ಹೆಚ್ಚಿನವು 250ರಿಂದ 400ರ ಒಳಗೇ ಇದ್ದರೆ 600ರ ಯೋಚನೆ ಬಿಡಿ.