ಬ್ರಿಟನ್ನಿಗೆ ಬಂದ ಹೊಸಬರಿಗೆ: ‘ಮೈಂಡ್’ ಅನ್ನುವ ಮಾತಿನ ಬಗ್ಗೆ

ಇಲ್ಲಿಗೆ ಬರುವ ನಮ್ಮವರಿಗೆ ಆಫೀಸಿನ ಇಂಗ್ಲಿಷ್ ಕಷ್ಟವಾಗುವುದಿಲ್ಲ. ಮೀಟಿಂಗು, ಇಮೇಲು ಎಲ್ಲ ಊರಲ್ಲೇ ರೂಢಿಯಾಗಿರುತ್ತದೆ. ತೊಡಕಾಗುವುದು ಸಣ್ಣ ಮಾತುಗಳಲ್ಲಿ. ಅದರಲ್ಲೂ ‘ಮೈಂಡ್’ ಅನ್ನುವ ಕ್ರಿಯಾಪದ ರೈಲು, ಕ್ಯೂ, ಸ್ಕೂಲ್ ಗೇಟು, ಪಕ್ಕದ ಮನೆ, ಎಲ್ಲೆಲ್ಲೂ ಎದುರಾಗುತ್ತದೆ. ಬ್ಯಾಂಕ್ ಖಾತೆ, ಕೆಲಸಕ್ಕೆ ಬೇಕಾಗುವ ನ್ಯಾಷನಲ್ ಇನ್ಶೂರೆನ್ಸ್ ನಂಬರು, ಜಿಪಿ ಅಂದರೆ ಏರಿಯಾದ ಡಾಕ್ಟರ ಹತ್ತಿರ ಹೆಸರು ಬರೆಸುವುದು, ಮನೆಯ ಮೇಲೆ ಕಟ್ಟುವ ಕೌನ್ಸಿಲ್ ಟ್ಯಾಕ್ಸು, ಇವನ್ನೆಲ್ಲ ಬಂದ ಕೂಡಲೇ ಮುಗಿಸಿಬಿಡಿ. ಅದಕ್ಕೆಲ್ಲ ಸರ್ಕಾರದ ವೆಬ್‌ಸೈಟ್ ಇದೆ. ಈ ಮಾತನ್ನು ಮಾತ್ರ ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ.

ರೈಲಿನಲ್ಲಿ ಪಕ್ಕದ ಸೀಟಿನ ಮೇಲೆ ನಿಮ್ಮ ಬ್ಯಾಗ್ ಇದೆ ಅಂದುಕೊಳ್ಳಿ. ಒಬ್ಬರು ಬಂದು ‘ಡು ಯು ಮೈಂಡ್ ಇಫ್ ಐ ಸಿಟ್ ಹಿಯರ್?’ ಎಂದು ಕೇಳುತ್ತಾರೆ. ಕೂತುಕೊಳ್ಳಲಿ ಪಾಪ ಅಂತಲೇ ನಮ್ಮವರು ‘ಯೆಸ್’ ಅನ್ನುತ್ತಾರೆ. ಆದರೆ ಅವರು ಕೇಳಿದ್ದು, ನಾನು ಕೂತರೆ ನಿಮಗೆ ತೊಂದರೆಯೇ ಅಂತ. ಬ್ಯಾಗ್ ಎತ್ತಿಕೊಂಡು ನಕ್ಕರೆ ಅರ್ಥವಾಗುತ್ತದೆ, ನಿಜ. ಸುಮ್ನೆ ‘ಯೆಸ್’ ಅಂದು ಮತ್ತೆ ಫೋನ್ ನೋಡಿದರೆ ಅವರು ಮುಂದಿನ ಬೋಗಿಗೆ ಹೋಗುತ್ತಾರೆ. ನಮ್ಮ ತಲೆಯಾಡಿಸುವಿಕೆಯಂತೂ ಇಲ್ಲಿಯವರಿಗೆ ಹೌದೋ ಅಲ್ಲವೋ ಗೊತ್ತೇ ಆಗುವುದಿಲ್ಲ. ‘ನೋ, ನಾಟ್ ಅಟ್ ಆಲ್’ ಅನ್ನಿ. ಅದು ಬಾಯಿಗೆ ಬರದಿದ್ದರೆ ‘ಗೋ ಅಹೆಡ್’ ಅನ್ನಿ, ಸಾಕು.

ಹೀಗಾಗುವುದು ಇಂಗ್ಲಿಷ್ ಬರದೆ ಅಲ್ಲ. ‘ನೀವು ಬರಲ್ವಾ?’ ಅಂದರೆ ಕನ್ನಡದಲ್ಲಿ ‘ಹೂಂ, ಬರಲ್ಲ’ ಅನ್ನುತ್ತೇವೆ. ಎದುರಿನವರು ಹೇಳಿದ್ದು ಸರಿ ಅಂತ ಮೊದಲು ಒಪ್ಪಿಕೊಳ್ಳುತ್ತೇವೆ, ಆಮೇಲೆ ವಿಷಯ. ಇಂಗ್ಲಿಷಿನವರು ಅಲ್ಲಿ ‘ನೋ’ ಅನ್ನುತ್ತಾರೆ. ಅದಕ್ಕೇ ‘ಯು ಡೋಂಟ್ ಮೈಂಡ್, ಡು ಯು?’ ಅಂದಾಗ ನಮ್ಮ ಬಾಯಿಂದ ತಾನಾಗಿ ‘ಯೆಸ್’ ಹೊರಡುತ್ತದೆ. ಇದು ಹುಟ್ಟಿನಿಂದ ಬಂದ ರೂಢಿ. ನಾಚಿಕೆಪಡುವಂಥದ್ದು ಇದರಲ್ಲಿ ಏನೂ ಇಲ್ಲ.

ಕೆಲಸದ ಜಾಗದಲ್ಲಿ ಇನ್ನೊಂದು ಗಮನಿಸಿ. ಮ್ಯಾನೇಜರ್ ‘ವುಡ್ ಯು ಮೈಂಡ್ ಸೆಂಡಿಂಗ್ ದಟ್ ಟುಡೇ?’ ಅಂದರೆ ಅದು ಇವತ್ತೇ ಆಗಬೇಕಾದ ಕೆಲಸ. ಆದಾಗ ಮಾಡಿ ಅಂತಲ್ಲ. ಯಾರಾದರೂ ‘ಐ ವುಡಂಟ್ ಮೈಂಡ್ ಎ ಕಪ್ ಆಫ್ ಟೀ’ ಅಂದರೆ ಅವರಿಗೆ ಟೀ ಬೇಕು ಅಂತ. ಕ್ಯೂನಲ್ಲಿ ನುಗ್ಗಿದವರಿಗೆ ಒತ್ತಿ ‘ಡು ಯು ಮೈಂಡ್!’ ಅಂದರೆ ಅದು ಪ್ರಶ್ನೆಯೇ ಅಲ್ಲ, ಗದರಿಕೆ. ಊರಲ್ಲಿ ಹುಷಾರ್ ಅನ್ನುವ ಹಾಗೆ ಹೇಳುವ ‘ಮೈಂಡ್ ಇಟ್’ ಇಲ್ಲಿ ನಡೆಯುವುದಿಲ್ಲ, ಬೆದರಿಸಿದ ಹಾಗಿರುತ್ತದೆ. ಎಲ್ಲಕ್ಕಿಂತ ಜಾಸ್ತಿ ಎಚ್ಚರ ಬೇಕಾದದ್ದು ಇಲ್ಲಿ: ಊಟಕ್ಕೆ ಎಲ್ಲಿಗೆ ಹೋಗೋಣ ಅಂತ ಸಹೋದ್ಯೋಗಿ ಕೇಳಿದಾಗ, ಎಲ್ಲಾದರೂ ಆದೀತು ಅನ್ನುವ ಅರ್ಥದಲ್ಲಿ ‘ಐ ಡೋಂಟ್ ಕೇರ್’ ಅನ್ನಬೇಡಿ. ಅದು ನಿಮ್ಮ ಉಸಾಬರಿಯೇ ನನಗೆ ಬೇಡ ಅಂದಷ್ಟು ಒರಟು. ‘ಐ ಡೋಂಟ್ ಮೈಂಡ್’ ಅನ್ನಿ.

ಈ ಮಾತಿಗೆ ಅಕ್ಕರೆಯ ಮುಖವೂ ಇದೆ. ಪಕ್ಕದ ಮನೆಯ ವಯಸ್ಸಾದವರು ಬೀಳ್ಕೊಡುವಾಗ ‘ಮೈಂಡ್ ಹೌ ಯು ಗೋ’ ಅನ್ನುತ್ತಾರೆ, ಹುಷಾರಾಗಿ ಹೋಗಿ ಬಾ ಅಂತ. ಹಳೆಯ ಪಬ್ಬುಗಳ ತಗ್ಗು ತೊಲೆಯ ಮೇಲೆ ‘ಮೈಂಡ್ ಯುವರ್ ಹೆಡ್’ ಎಂದು ಬರೆದಿರುತ್ತದೆ. ಮಲೆನಾಡಿನ ಹಳೇ ಮನೆಯ ಬಾಗಿಲಲ್ಲಿ ‘ತಲೆ ನೋಡ್ಕೊಳ್ಳಿ’ ಅಂತ ಕೂಗುತ್ತಾರಲ್ಲ, ಹಾಗೆ. ಸ್ಕಾಟ್ಲೆಂಡಿಗೆ ಹೋದರೆ ‘ಮೈಂಡ್’ ಅಂದರೆ ನೆನಪಿಟ್ಟುಕೊಳ್ಳುವುದು ಅಂತಲೂ ಆಗುತ್ತದೆ.

ಲಂಡನ್ ಅಂಡರ್‌ಗ್ರೌಂಡ್ ರೈಲಿನ ‘ಮೈಂಡ್ ದ ಗ್ಯಾಪ್’ ನಿಮಗೆಲ್ಲ ಗೊತ್ತಿರುತ್ತದೆ, ರೈಲಿಗೂ ಪ್ಲಾಟ್‌ಫಾರ್ಮಿಗೂ ನಡುವಿನ ಸಂದು ನೋಡಿಕೊಳ್ಳಿ ಅಂತ. ಅದು ಸುಮಾರು 1968ರಿಂದ ಇದೆ. ನಾರ್ದರ್ನ್ ಲೈನಿನಲ್ಲಿ ಅದನ್ನು ಹೇಳುತ್ತಿದ್ದ ದನಿ ಆಸ್ವಾಲ್ಡ್ ಲಾರೆನ್ಸ್ ಎಂಬ ನಟನದು. ಅವರು 2007ರಲ್ಲಿ ತೀರಿಕೊಂಡರು. ಹೆಂಡತಿ ಮಾರ್ಗರೆಟ್ ಮೆಕಾಲಮ್ ಎಂಬ್ಯಾಂಕ್‌ಮೆಂಟ್ ಸ್ಟೇಷನ್ನಿನಲ್ಲಿ ಕೂತು ಆ ದನಿ ಕೇಳುತ್ತಿದ್ದರು. ಒಂದು ದಿನ ಅಲ್ಲಿ ಬೇರೆ ದನಿ ಬಂತು. ಅವರು ಕೇಳಿಕೊಂಡ ಮೇಲೆ, 2013ರಲ್ಲಿ, ಆ ಪ್ಲಾಟ್‌ಫಾರ್ಮಿಗೆ ಹಳೇ ದನಿಯನ್ನೇ ವಾಪಸ್ ತಂದರು. ಇಲ್ಲಿಯವರು ಯಾರನ್ನೂ ಹಚ್ಚಿಕೊಳ್ಳುವುದಿಲ್ಲ ಅಂತ ಹೊಸಬರು ಹೇಳಿದಾಗಲೆಲ್ಲ ನಾನು ಇದನ್ನು ಹೇಳುತ್ತೇನೆ.

ಮಕ್ಕಳಿರುವವರಿಗೆ ‘ಚೈಲ್ಡ್‌ಮೈಂಡರ್’ ಬೇಗ ಬೇಕಾಗುತ್ತದೆ. ತಮ್ಮ ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುವವರು ಇವರು. ಇಂಗ್ಲೆಂಡಿನಲ್ಲಿ ದುಡ್ಡು ತಗೊಂಡು, ದಿನಕ್ಕೆ 2 ಗಂಟೆಗಿಂತ ಹೆಚ್ಚು ಹೊತ್ತು, 8 ವರ್ಷದೊಳಗಿನ ಬೇರೆಯವರ ಮಕ್ಕಳನ್ನು ಹೀಗೆ ನೋಡಿಕೊಳ್ಳಬೇಕಾದರೆ ಸಾಮಾನ್ಯವಾಗಿ ನೋಂದಣಿ ಬೇಕು. ಇವರನ್ನು ತಪಾಸಣೆ ಮಾಡುವ ಸರ್ಕಾರಿ ಸಂಸ್ಥೆ ಆಫ್‌ಸ್ಟೆಡ್‌ನ ವರದಿ ಓದಿ, ಆಮೇಲೆ ಮನೆ ನೋಡಲು ಹೋಗಿ. ನಿಯಮ ಒಳ್ಳೆಯದೇ, ಮಗುವಿನ ಕಾವಲಿಗೇ ಇರುವುದು. ಆದರೂ ಮೊದಲ ದಿನ ಮಗುವನ್ನು ಬಿಟ್ಟು ಬರುವಾಗ, ‘ಸ್ವಲ್ಪ ಇವನ್ನ ನೋಡ್ಕೊಳ್ಳಿ ಆಂಟಿ, ಈಗ ಬಂದೆ’ ಅಂತ ಪಕ್ಕದ ಮನೆಗೆ ಬಿಟ್ಟು ಓಡುತ್ತಿದ್ದದ್ದು ನೆನಪಾಗುತ್ತದೆ. ಅಲ್ಲಿ ಆಂಟಿಗೆ ಗಂಟೆಯ ಲೆಕ್ಕ ಇರಲಿಲ್ಲ. ಸಂಜೆ ಹೋದರೆ ಮಗುವಿಗೆ ಮೊಸರನ್ನ ತಿನ್ನಿಸಿ ಮಲಗಿಸಿರುತ್ತಿದ್ದರು.

ಆ ಮಕ್ಕಳು ಸ್ಕೂಲಿಗೆ ಸೇರಿ ‘ಐ ಡೋಂಟ್ ಮೈಂಡ್’ ಅನ್ನುವುದನ್ನು ಕಲಿಯುತ್ತಾರೆ. ಒಳ್ಳೆ ನಡತೆಯ ಮಾತು ಅದು, ಟೀಚರಿಗೂ ಇಷ್ಟ. ಭಾನುವಾರ ವಿಡಿಯೋ ಕಾಲ್‌ನಲ್ಲಿ ಅಜ್ಜಿ ಕೇಳುತ್ತಾರೆ: ‘ಬೇಸಿಗೆಗೆ ಬಂದಾಗ ಏನು ಮಾಡಿಕೊಡಲಿ ಪುಟ್ಟಾ, ಚಕ್ಕುಲಿನಾ, ಕೋಡುಬಳೆನಾ?’ ಮಗು ‘ಐ ಡೋಂಟ್ ಮೈಂಡ್’ ಅನ್ನುತ್ತದೆ. ಅಜ್ಜಿ ಸುಮ್ಮನಾಗಿಬಿಡುತ್ತಾರೆ. ‘ನಾವು ಮೈಂಡೇ ಮಾಡಲ್ಲ’ ಅಂದರೆ ಊರಲ್ಲಿ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ ಅಂತ ತಾನೇ? ಅಜ್ಜಿ ಕಿವಿಗೆ ಬೀಳುವುದು ಅದು. ಮೊಮ್ಮಗುವಿಗೆ ತನ್ನ ಕೈತಿಂಡಿ ಬೇಡ ಅಂದುಕೊಳ್ಳುತ್ತಾರೆ.

ಇದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಪ್ರತಿ ಸಲವೂ ಸಂಕಟವಾಗುತ್ತದೆ. ಅಜ್ಜಿಗೆ ಮೊದಲೇ ಬಿಡಿಸಿ ಹೇಳಿ: ಮಗು ಬೇಡ ಅಂದಿಲ್ಲ, ಎರಡೂ ಇಷ್ಟ ಅಂದಿದೆ. ಮನೆಯಲ್ಲಿ ಮಗುವನ್ನು ಕನ್ನಡದಲ್ಲೇ ‘ಏನು ಬೇಕು?’ ಅಂತ ಕೇಳಿ. ‘ಐ ಡೋಂಟ್ ಮೈಂಡ್’ ಅಂದರೆ ಬೈಯಬೇಡಿ, ಇನ್ನೊಂದು ಸಲ ಕೇಳಿ, ಕಾಯಿರಿ. ‘ನಂಗೆ ಕೋಡುಬಳೆ ಬೇಕು’ ಅನ್ನಲು ಬಂದ ಮೇಲೆ ಅಜ್ಜಿಗೆ ಫೋನ್ ಹಚ್ಚಿ ಮಗುವಿನ ಕೈಗೇ ಕೊಡಿ.