ಬೀಟೆ ಮರದ ಕುಸುರಿಗೆ ಜೇನುಮೇಣದ ಪಾಲಿಶ್

ಮೈಸೂರಿನ ಇನ್‌ಲೇ ಕೆಲಸದ, ಅಂದರೆ ಮರದಲ್ಲಿ ಬೇರೆ ಬಣ್ಣದ ತುಣುಕು ಕೂರಿಸಿ ಚಿತ್ರ ಬಿಡಿಸಿದ, ಟೀಪಾಯಿ, ಮಂಟಪ, ಗೋಡೆಯ ಫಲಕಗಳಿಗೆ ಜೇನುಮೇಣ ಮತ್ತು ಟರ್ಪೆಂಟೈನ್ ಎರಡೇ ಸಾಕು. ಆದರೆ ಟರ್ಪೆಂಟೈನ್ ತಾಜಾ ಇರಲೇಬೇಕು.

ಹಾರ್ಡ್‌ವೇರ್ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಪೆಟ್ರೋಲಿಯಂನಿಂದ ಬಂದ ಮಿನರಲ್ ಟರ್ಪೆಂಟೈನ್. ಅದರಲ್ಲೂ ಮೇಣ ಕರಗುತ್ತದೆ, ಆದರೆ ಸೀಮೆಎಣ್ಣೆಯಂಥ ವಾಸನೆ ಮನೆಯೊಳಗೆ ನಿಲ್ಲುತ್ತದೆ. ಗಮ್ ಟರ್ಪೆಂಟೈನ್ ಬೇಕೆಂದು ಕೇಳಿ. ಚಿತ್ರಕಲಾ ಸಾಮಗ್ರಿ ಮಾರುವಲ್ಲೂ ವಿಚಾರಿಸಿ. ಹಿಮಾಲಯದ ಚೀರ್ ಪೈನ್ ಮರದ ಅಂಟನ್ನು ಭಟ್ಟಿ ಇಳಿಸಿದರೆ ಸಿಗುವುದು ಇದು. ಇದರ ಘಮ ಕ್ಯಾರೀನ್, ಪೈನೀನ್ ಎಂಬ ಬೇಗ ಆವಿಯಾಗುವ ವಸ್ತುಗಳದು. ಇವೇ ಗಾಳಿಯ ಆಮ್ಲಜನಕ ಸೇರಿದರೆ ಕೆಡುತ್ತವೆ: ದ್ರವ ಮಂದವಾಗುತ್ತದೆ, ಪಾಲಿಶ್ ಅಂಟಂಟಾಗುತ್ತದೆ, ಕೈಗೆ ತುರಿಕೆಯ ದದ್ದು ಏಳುತ್ತದೆ. ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು ನೋಡಿ. ಒಣಗಿದ ಮೇಲೂ ಹಳದಿ ಕಲೆ, ಜಿಗುಟು ಉಳಿದರೆ ಆ ಬಾಟಲಿ ಬೇಡ.

ಅಳತೆ: 100 ಗ್ರಾಂ ಜೇನುಮೇಣಕ್ಕೆ 300 ಮಿ.ಲೀ. ಟರ್ಪೆಂಟೈನ್. ಮೇಣವನ್ನು ತುರಿದು ಸ್ಟೀಲ್ ಡಬರಿಗೆ ಹಾಕಿ, ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ. ಸುಮಾರು 65 ಡಿಗ್ರಿಗೆ ಕರಗುತ್ತದೆ. ನೇರ ಉರಿಯ ಮೇಲೆ ಇಡಬಾರದು. ಕರಗಿದೊಡನೆ ಗ್ಯಾಸ್ ಆರಿಸಿ, ಬಿಸಿನೀರಿನ ಪಾತ್ರೆಯ ಸಮೇತ ಅಂಗಳಕ್ಕೆ ತನ್ನಿ. ಸುಮಾರು 35 ಡಿಗ್ರಿ ಶಾಖದಲ್ಲೇ ಟರ್ಪೆಂಟೈನ್ ಆವಿ ಒಂದು ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ, ಏಪ್ರಿಲ್ ಮಧ್ಯಾಹ್ನದ ಮೈಸೂರು ಅಷ್ಟು ಕಾಯುತ್ತದೆ. ಹಾಗಾಗಿ ದೀಪ, ಊದುಬತ್ತಿ, ಬೀಡಿ ಯಾವುದೂ ಹತ್ತಿರ ಇರಕೂಡದು. ಕೈಗವಸು ಹಾಕಿಕೊಂಡು ಟರ್ಪೆಂಟೈನನ್ನು ಮೇಣಕ್ಕೆ ಎಳೆ ಎಳೆಯಾಗಿ ಸುರಿಯುತ್ತ ಕಲಕಿ. ಒಮ್ಮೆಗೇ ಸುರಿದರೆ ಮೇಣ ಗಂಟುಗಟ್ಟುತ್ತದೆ. ಆಗ ಆ ಬಿಸಿನೀರಿನಲ್ಲೇ ಬಿಟ್ಟು ಕಲಕುತ್ತಿದ್ದರೆ ಕರಗುತ್ತದೆ, ಮತ್ತೆ ಒಲೆಗೆ ಇಡಬೇಡಿ. ಆರಿದ ಮೇಲೆ ಬೆಣ್ಣೆಯ ಹದ ಬರಬೇಕು.

ಹಚ್ಚುವಾಗ ಹಳೇ ಹತ್ತಿಬಟ್ಟೆಗೆ ಕಡಲೆಕಾಳಿನಷ್ಟು ತೆಗೆದುಕೊಂಡು, ಮರದ ಎಳೆ ಹರಿದ ದಿಕ್ಕಿಗೇ ತೀಡಿ. 20 ನಿಮಿಷ ಬಿಟ್ಟು ಒಣಬಟ್ಟೆಯಿಂದ ಉಜ್ಜಿ. ದಪ್ಪಗೆ ಬಳಿದರೆ ಹೊಳಪು ಬರುವುದಿಲ್ಲ, ಧೂಳು ಹಿಡಿಯುತ್ತದೆ. ಕುಸುರಿಯ ಸಣ್ಣ ಗೆರೆಗಳಲ್ಲಿ ಮೇಣ ಕೂತರೆ ಚಿತ್ರದ ಬಿಳಿ ಆನೆಯ ಸೊಂಡಿಲು ವರ್ಷದೊಳಗೆ ಮಾಸಲು ಕಾಣುತ್ತದೆ. ಮೆತ್ತನೆ ಬ್ರಷ್‌ನಿಂದ ಅಂದೇ ಕೆದಕಿ ತೆಗೆಯಿರಿ. ದಂತದ ಬದಲು ಪ್ಲಾಸ್ಟಿಕ್ ಕೂರಿಸಿದ ಕೆಲಸವಾದರೆ ಕಾಣದ ಮೂಲೆಯಲ್ಲಿ ಮೊದಲು ಪರೀಕ್ಷಿಸಿ. ಕೆಲವು ಪ್ಲಾಸ್ಟಿಕ್ ಟರ್ಪೆಂಟೈನ್‌ಗೆ ಮೆತ್ತಗಾಗುತ್ತದೆ. ಹಳೇ ಪಾಲಿಶ್ ಹೊಪ್ಪಳಿಕೆ ಎದ್ದಿದ್ದರೆ ಮೇಣ ಹಚ್ಚಲೇಬೇಡಿ, ಆಮೇಲೆ ಹೊಸ ಪಾಲಿಶ್ ಹಿಡಿಯುವುದಿಲ್ಲ.

ಬಟ್ಟೆಗಳನ್ನು ಮುದ್ದೆ ಮಾಡದೆ ಹೊರಗೆ ಹರಡಿ ಒಣಗಿಸಿ. ಉಳಿದ ಟರ್ಪೆಂಟೈನನ್ನು ಕಂಠಮಟ್ಟ ತುಂಬುವ ಚಿಕ್ಕ ಗಾಜಿನ ಬಾಟಲಿಗೆ ಹಾಕಿ, ಚೀಟಿ ಅಂಟಿಸಿ, ಮಕ್ಕಳ ಕೈಗೆ ಸಿಗದ ಕತ್ತಲೆ ಕಪಾಟಿನಲ್ಲಿಡಿ.